ಸೀಮೆಎಣ್ಣೆ ವಾಸನೆಯ ನೀರು

ನಾನು ಚಿಕ್ಕವನಿದ್ದಾಗ ನೀರನ್ನು ಮೂಸಿ ಕುಡಿಯುತ್ತಿರಲಿಲ್ಲ ಮಕ್ಕಳೇ. ಈಗ ಮೂಸುತ್ತೇನೆಂದು ನೀವು ನಗುತ್ತೀರಲ್ಲ, ಆ ಚಾಳಿ ಅಂಟಿದ್ದು ಮದ್ರಾಸಿನಲ್ಲಿ ಒಂದೇ ದಿನಕ್ಕೆ. ಊರಿಗೆ ಆಗಲೇ ಚೆನ್ನೈ ಎಂದು ಹೆಸರಾಗಿತ್ತು. ಅಪ್ಪನ ಬಾಯಲ್ಲಿ ಮಾತ್ರ ಮದ್ರಾಸೇ.

ಉಡುಪಿ ಕಡೆಯಿಂದ ಬಂದ ಅಪ್ಪ ಟ್ರಿಪ್ಲಿಕೇನಿನ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಅದರ ಹಿಂದಿನ ಓಣಿಯಲ್ಲೇ ನಮ್ಮ ಬಾಡಿಗೆ ಮನೆ. ಮಹಡಿಯಲ್ಲಿ ತಮಿಳು ಮಾಮ ಒಬ್ಬರೇ ಇದ್ದರು. ಎರಡೂ ಮನೆಗೆ ಸೇರಿ ಅಂಗಳದಲ್ಲಿ ಒಂದೇ ಕೈಪಂಪು. ಯಾರ ಕೊಡ ಮೊದಲು ಎಂದು ಜಗಳವಾಗಿ ಅಪ್ಪನೂ ಮಾಮನೂ ಮಾತು ಬಿಟ್ಟಿದ್ದರು. ಅದೇ ಹೊತ್ತಿಗೆ ಪಂಪೂ ಸೊರಗಿತು. ಎಷ್ಟು ಒತ್ತಿದರೂ ಗೊರಗೊರ ಸದ್ದು, ಒಂದಿಷ್ಟು ನೀರು. ಅದೂ ನಿಂತರೆ ಕುಡಿಯಲು ಗತಿಯಿರಲಿಲ್ಲ.

ಆ ಬೆಳಿಗ್ಗೆ ಅಮ್ಮ ಕೊಡ ಇಳಿಸಿದವಳೇ ಮೂಗು ಮುಚ್ಚಿಕೊಂಡಳು. "ಎಂತ ವಾಸನೆ ಇದು! ಸೀಮೆಎಣ್ಣೆ ಅಲ್ವಾ?"

ನಾನೂ ಮೂಸಿದೆ. ಹೌದು, ಸ್ಟವ್ವಿನ ವಾಸನೆಯೇ. ಪಂಪಿನ ಮುಚ್ಚಳದ ನಟ್ಟುಗಳಿಂದ ಕುಂಕುಮ ಕಲಸಿದಂಥ ಕೆಂಪು ಎಣ್ಣೆ ಕೆಳಗಿಳಿದಿತ್ತು. ಮಾಟವಿರಬಹುದೇ ಎಂದು ಅಮ್ಮನಿಗೆ ಅನುಮಾನ, ವಿಷವಿರಬಹುದೇ ಎಂದು ಅಕ್ಕನಿಗೆ. ಅಪ್ಪನಿಗೆ ಯಾವ ಅನುಮಾನವೂ ಇರಲಿಲ್ಲ! "ಮೇಲಿನವನದ್ದೇ ಕೆಲಸ ಮಾರಾಯ್ತಿ. ನಮ್ಮನ್ನು ಓಡಿಸಿ ಪಂಪು ಒಬ್ಬನೇ ಇಟ್ಟುಕೊಳ್ಳಲಿಕ್ಕೆ."

ಆಮೇಲೆ ಕೇಳಬೇಕೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಾಮ ಮೆಟ್ಟಿಲಲ್ಲಿ ನನ್ನನ್ನು ಕಂಡು ನಕ್ಕರು. ಇಷ್ಟು ದಿನ ಇಲ್ಲದ ನಗು ಇವತ್ತೇಕೆ? ಅಮ್ಮ ಮೇಲಕ್ಕೆ ಕೇಳಿಸುವ ಹಾಗೆ ಅರೆ ತಮಿಳಿನಲ್ಲಿ ಸೀಮೆಎಣ್ಣೆಯ ಮಾತೆತ್ತಿದಾಗ ಅವರು ಕೈಯನ್ನು ಪಂಚೆಗೆ ಒರೆಸಿಕೊಂಡರು. "ನೋಡಿದ್ಯಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಂಡ!" ಎಂದು ಅಕ್ಕ ಪಿಸುಗುಟ್ಟಿದಳು.

ಮಧ್ಯಾಹ್ನ ಹೋಟೆಲಿನಿಂದ ಬಂದ ಅಪ್ಪ ಮಲಗಲಿಲ್ಲ. ಸೆಕೆಯಲ್ಲಿ ಬೆವರುತ್ತ ಎಲ್ಲರೂ ಕಿಟಕಿ ಸಂದಿನಲ್ಲಿ ಕಾದೆವು. ಮಾಮ ಇಳಿದು ಬಂದರು. ಸುತ್ತ ನೋಡಿದರು. ಕಂಕುಳಿಂದ ಸೀಸೆ ತೆಗೆದು ಪಂಪಿನ ಮೇಲೆ ಹನಿಹನಿಯಾಗಿ ಬಿಟ್ಟರು. ಅಪ್ಪ ಬಾಗಿಲು ತಳ್ಳಿಕೊಂಡು ಅಂಗಳಕ್ಕೆ ನುಗ್ಗಿದರು.

"ಅಯ್ಯೋ ಸಾರ್, ಉಳ್ಳೆ ವಾಷರ್ ಪೋಚ್ಚು! ನಟ್ಟೆಲ್ಲಾಂ ತುರು. ಅದುಕ್ಕುದಾನ್ ಮಣ್ಣೆಣ್ಣೆ!" ಎಂದು ಮಾಮ ಬೆಚ್ಚಿಬಿದ್ದರು. ಒಳಗಿನ ವಾಷರು ಸವೆದು ನೀರು ಏರುತ್ತಿರಲಿಲ್ಲವಂತೆ. ಅದನ್ನು ಬದಲಿಸಲು ಮುಚ್ಚಳ ಬಿಚ್ಚಬೇಕು. ಸಮುದ್ರದ ಉಪ್ಪುಗಾಳಿಗೆ ನಟ್ಟುಗಳು ಕೆಂಪು ತುಕ್ಕು ಹಿಡಿದು ಕೂತಿದ್ದವು. ಸಡಿಲವಾಗಲಿ ಎಂದು ಹಿಂದಿನ ದಿನದಿಂದ ಸೀಮೆಎಣ್ಣೆಯಲ್ಲಿ ನೆನೆಸುತ್ತಿದ್ದರು. ಮಾತು ಬಿಟ್ಟವರಿಗೆ ಇದನ್ನೆಲ್ಲ ಹೇಳುವುದಾದರೂ ಹೇಗೆ?

ಅಪ್ಪ ನಂಬಲಿಲ್ಲ. "ಬಿಚ್ಚಲಿ, ನೋಡುವ" ಎಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಮಾಮ ಮೇಲಿನಿಂದ ಎರಡು ಸ್ಪ್ಯಾನರ್ ತಂದು, ಒಂದನ್ನು ನಟ್ಟಿಗೆ ಹಾಕಿ ತಿರುಗಿಸಿದರು. ನಟ್ಟಿನ ಜೊತೆಗೆ ಬೋಲ್ಟೂ ಸುಮ್ಮನೆ ತಿರುಗಿತು. ಕೆಳಗಿನಿಂದ ಬೋಲ್ಟನ್ನು ಯಾರಾದರೂ ಬಿಗಿಹಿಡಿಯಬೇಕಿತ್ತು. ಮಾಮ ಅಪ್ಪನ ಮುಖ ನೋಡಿದರು. ಅಪ್ಪ ಆಕಾಶ ನೋಡಿದರು. ಬಾಯಾರಿ ನನಗೆ ಅಳುವೇ ಬಂದಿತ್ತು.

ಕೊನೆಗೆ ಅಪ್ಪ "ಥತ್" ಎಂದು ಕುಕ್ಕರುಗಾಲಿನಲ್ಲಿ ಕೂತು, ನೆಲದ ಮೇಲಿದ್ದ ಇನ್ನೊಂದು ಸ್ಪ್ಯಾನರಿನಿಂದ ಬೋಲ್ಟಿನ ತಲೆ ಹಿಡಿದರು. ಇಬ್ಬರ ಹಣೆ ಇನ್ನೇನು ತಾಗಬೇಕು, ಅಷ್ಟು ಹತ್ತಿರ. ಕಿರ್ರೆಂದು ನಟ್ಟು ಕದಲಿತು. ಅಬ್ಬಾ, ನಾನು ಕುಣಿದಾಡಿಬಿಟ್ಟೆ!

ಹೊಸ ವಾಷರು ಹಾಕಿದ ಮೇಲೆ ಸಂಜೆಗೆ ನೀರು ಧಾರಾಳವಾಗಿ ಬಂತು. ವಾಸನೆ ಹೋಗುವ ತನಕ ಚೆಲ್ಲಿದೆವು. ಆಮೇಲೂ ಅಪ್ಪ ಮೂಸಿ ನೋಡಿ, ಮೊದಲ ಲೋಟ ಮಾಮನಿಗೆ ಕೊಟ್ಟರು. ಪ್ರೀತಿಗೋ ಪರೀಕ್ಷೆಗೋ, ನನಗೆ ಇನ್ನೂ ಅನುಮಾನ.

ನಿಮ್ಮ ಮನೆಯಲ್ಲಿ ನಲ್ಲಿಯ ಕೆಳಗೆ ಕೈ ಒಡ್ಡಿದರೆ ಸಾಕು, ನೀರು ತಾನಾಗಿ ಬರುತ್ತದೆ. ಮೇಲ್ಮನೆಯವರೊಂದಿಗೆ ಜಗಳವೇ ಇಲ್ಲ, ಏಕೆಂದರೆ ಅವರು ಯಾರೆಂದೇ ನಿಮಗೆ ಗೊತ್ತಿಲ್ಲ. ಬಾಗಿಲ ಕ್ಯಾಮೆರಾದಲ್ಲಿ ಅವರು ಕಂಡರೆ "ಯಾರೋ ಏನೋ" ಎನ್ನುತ್ತೀರಿ. ಒಂದು ದಿನ ನಟ್ಟಿನ ಜೊತೆ ಬೋಲ್ಟೂ ತಿರುಗಿದರೆ ಏನು ಮಾಡುತ್ತೀರಿ? ಏಳಿ, ಮೇಲೆ ಹೋಗಿ ಅವರ ಹೆಸರಾದರೂ ಕೇಳಿಕೊಂಡು ಬನ್ನಿ.