ಅಧ್ಯಕ್ಷೆಯ ಪಕ್ಕದ ಕುರ್ಚಿ

ನೋಡ್ರಪ್ಪಾ, ಇವತ್ತು ಹೊನ್ನಾಳಿಯಲ್ಲಿ ಪಂಚಾಯಿತಿ ಚುನಾವಣೆಗೆ ನಿಲ್ಲಲಿರುವ ಯುವತಿಯರಿಗೆ ತರಬೇತಿ ಕೊಡುತ್ತಾ ಅಣಕು ಗ್ರಾಮಸಭೆ ಮಾಡಿಸಿದೆ. ಸಾಸ್ವೆಹಳ್ಳಿಯ ರೇಣುಕಾ ಅಧ್ಯಕ್ಷೆ. ಅವಳು ಕೂರುವಷ್ಟರಲ್ಲಿ ಗೆಳತಿ ಕವಿತಾ ಹೆಗಲಿಗೆ ಟವೆಲ್ ಹಾಕಿಕೊಂಡು, ಪಕ್ಕಕ್ಕೇ ಕುರ್ಚಿ ಎಳೆದು ಕುಳಿತಳು.

“ಈ ಪಾತ್ರ ನಾನು ಕೊಟ್ಟಿಲ್ಲವಲ್ಲ?” ಎಂದೆ.

“ಅಧ್ಯಕ್ಷರ ಗಂಡ ರೀ ಮೇಡಂ. ನಾನಿಲ್ದೆ ಸಭೆ ಹೆಂಗೆ ನಡಿತೈತೆ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ರೇಣುಕಾ ನಗಲಿಲ್ಲ.

“ರೀ, ಎದ್ದು ಜನರ ಜೊತೆ ಕುತ್ಕಳ್ರಿ. ಮಾತಾಡಾಕೆ ಕೈ ಎತ್ತಿ ಕೇಳ್ರಿ.”

ಬಾಗಿಲ ಬಳಿ ಕುಳಿತಿದ್ದ, ಅವಳನ್ನು ಬೈಕಿನಲ್ಲಿ ಕರೆತಂದಿದ್ದ ನಿಜವಾದ ಗಂಡ ಮೆಲ್ಲಗೆ ಕೈ ಎತ್ತಿದ.

“ಬೈಕ್ ಬಿಸ್ಲಲ್ಲಿ ಐತೆ. ನೆಳ್ಳಿಗೆ ನಿಲ್ಸಿ ಬರ್ಲಾ?”

“ಆತು, ಹೋಗ್ಬರ್ರಿ,” ಎಂದಳು ಅಧ್ಯಕ್ಷೆ.

ಸಭೆಯಲ್ಲಿ ಸರ್ವಾನುಮತದಿಂದ ಪಾಸಾದ ನಿರ್ಣಯ ಅದೊಂದೇ.