ದೊಡ್ಡಮ್ಮ ಹಾರಿಸಿದ ಫಿರಂಗಿ

ನಮ್ಮ ದೊಡ್ಡಮ್ಮನ ಹೊಲಿಗೆ ಅಂಗಡಿಯಲ್ಲಿ ಅಳತೆ ಟೇಪು ಅನ್ನುವ ವಸ್ತುವೇ ಇಲ್ಲ. ಗಿರಾಕಿ ಬಂದರೆ ಉದ್ದನೆಯ ಕಾಗದದ ಪಟ್ಟಿಯನ್ನು ಅವನ ಮೈಗೆ ಹಿಡಿದು ಕತ್ತರಿಯಿಂದ ಅಲ್ಲಲ್ಲಿ ಕಚ್ಚು ಹಾಕುತ್ತಾಳೆ. ಎದೆಗೆ ಓರೆ ಕಚ್ಚು, ಸೊಂಟಕ್ಕೆ ಜೋಡಿ ಕಚ್ಚು. ತೋಳಿಗೆ ಅಂಚಿನಲ್ಲಿ ನೇರ ಕಚ್ಚು, ಬಲದ ಅಂಚು ಬಲತೋಳಿಗೆ, ಎಡದ್ದು ಎಡತೋಳಿಗೆ. ಮೇಲೆ ಹೆಸರು ಬರೆದು ಮೊಳೆಗೆ ಸಿಕ್ಕಿಸಿದರೆ ಮುಗಿಯಿತು. ಇದು ಅವಳಪ್ಪ, ಅಂದರೆ ನನ್ನ ತಾತ, ಕಲಿಸಿದ ವಿದ್ಯೆ. "ಒಂದು ಟೇಪು ತಗೋಬಾರದಾ?" ಅಂದರೆ, "ನನ್ನ ಬೆರಳಿಗೆ ಕಣ್ಣಿದೆ ಕಣೇ. ನಿನ್ನ ಬಾಯಿಗೇ ಬೀಗ ಇಲ್ಲ" ಅನ್ನುತ್ತಾಳೆ. ಎಂಬತ್ತು ದಾಟಿದ ಮೇಲೂ ಕೋಪ ಮೂಗಿನ ತುದಿಯಲ್ಲೇ. ಇಪ್ಪತ್ತು ವರ್ಷದಿಂದ ಅವಳ ಪಕ್ಕ ಕೂತು ಗುಂಡಿಗೆ ಕಾಜಾ ಹೊಲಿಯುತ್ತಿದ್ದೇನೆ, ದೂರುವ ಹಕ್ಕು ನನಗಿದೆ.

ಮೊನ್ನೆ ನನ್ನ ಮಕ್ಕಳಿಬ್ಬರೂ ಶಾಲೆಯಿಂದ ಓಡಿಬಂದರು. ಮನೆಯ ಹಿರಿಯರು ಯುದ್ಧಕ್ಕೆ ಹೋಗಿದ್ದರೆ ಅವರ ವಸ್ತುಗಳನ್ನು ತಂದು ಎಲ್ಲರೆದುರು ಮಾತಾಡಬೇಕಂತೆ. ನಮ್ಮವಕ್ಕೆ ಹೇಳಬೇಕೇ? ಮುತ್ತಜ್ಜ ಫಿರಂಗಿ ಹಾರಿಸಿದ ಕಥೆಯನ್ನು ಕೇಳಿಕೊಂಡೇ ಬೆಳೆದವು. ನಾನೂ ಹಾಗೇ ಬೆಳೆದವಳು.

"ಅಜ್ಜಿ, ಮುತ್ತಜ್ಜನ ಪೆಟ್ಟಿಗೆ ಕೊಡು" ಅಂದಳು ಮಗಳು.

"ಅದರಲ್ಲೇನಿದೆ ಮಣ್ಣು! ಬರೀ ತುಕ್ಕು. ಮುಟ್ಟಿದ್ರೆ ಕೈ ಕುಯ್ಯತ್ತೆ" ಅಂದಳು ದೊಡ್ಡಮ್ಮ, ತಲೆಯೆತ್ತದೆ.

ಬೇಡ ಅಂದದ್ದನ್ನು ಬಿಡುವ ಜಾತಿಯೇ ಅವು? ಬೀರುವಿನ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಇಳಿಸಿ, ದರದರ ಎಳೆದು ತಂದು, ಇಸ್ತ್ರಿ ಮೇಜಿನ ಮೇಲೆ ಸುರಿದೇಬಿಟ್ಟವು. ತಾತ ತೀರಿಹೋದ ಮೇಲೆ ಆ ಪೆಟ್ಟಿಗೆಯನ್ನು ಯಾರೂ ತೆರೆದಿರಲಿಲ್ಲ. ಪದಕ ಇಲ್ಲ, ಪಟ್ಟ ಇಲ್ಲ. ಒಂದು ಕತ್ತರಿ, ಒಂದು ಬೆರಳುಟೋಪಿ, ಲಾಡಿಯಿಂದ ಕಟ್ಟಿದ ಬಟ್ಟೆಪಟ್ಟಿಗಳ ಕಂತೆ. ಪಟ್ಟಿಯ ತುಂಬ ಕಚ್ಚುಗಳು.

"ಅಕ್ಕಾ, ಇದು ಲೆಕ್ಕ ಕಣೇ!" ಎಂಟು ವರ್ಷದ ಮಗರಾಯ ಕೂಗಿದ. "ಒಂದೊಂದು ಕಚ್ಚಿಗೆ ಒಬ್ಬೊಬ್ಬ ಶತ್ರು ಫಿನಿಶ್!"

ಇಬ್ಬರೂ ನೆಲದ ಮೇಲೆ ಕೂತು ಎಣಿಸತೊಡಗಿದರು. ಮುನ್ನೂರು ದಾಟಿತು. ತಲೆಯ ಮೇಲೇ ಮೊಳೆ ತುಂಬ ಅಂಥವೇ ಕಾಗದದ ಪಟ್ಟಿಗಳು ನೇತಾಡುತ್ತಿವೆ, ಹುಟ್ಟಿದಾಗಿನಿಂದ ನೋಡಿದ್ದಾರೆ, ಆದರೂ ತಲೆಯೊಳಗೆ ಫಿರಂಗಿ ಕೂತಿರುವಾಗ ಕಣ್ಣಿಗೆ ಕಾಣುವುದಾದರೂ ಹೇಗೆ? ನಗು ತಡೆಯಲಾರದೆ ದೊಡ್ಡಮ್ಮನ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಮುಖ ಹುಳ್ಳಗಾಗಿತ್ತು.

"ನಿಲ್ಸ್ರೋ. ನಿಮ್ಮ ಮುತ್ತಜ್ಜ ಯಾರನ್ನೂ ಕೊಂದಿಲ್ಲ. ಯುದ್ಧಕ್ಕೆ ಹೋಗಿದ್ದು ದರ್ಜಿಯಾಗಿ. ಆ ಫಿರಂಗಿ ನನ್ನದು."

"ನೀನು ಹಾರಿಸಿದ್ದಾ ಅಜ್ಜಿ?" ಹುಡುಗನ ಕಣ್ಣು ಇಷ್ಟಗಲ.

"ಹೂಂ, ಬಾಯಲ್ಲಿ! ನಿನ್ನಷ್ಟೇ ಇದ್ದೆ. ಪಕ್ಕದ ಮನೆಯವಳು ಅವಳಪ್ಪನ ಪದಕ ತಂದು ಶಾಲೆಯಲ್ಲೆಲ್ಲ ಮೆರೀತಿದ್ಲು. ನಮ್ಮಪ್ಪ ತಂದಿದ್ದು ಈ ಚಿಂದಿ. ಹೊಟ್ಟೆ ಉರೀತು, ಬುರುಡೆ ಬಿಟ್ಟೆ. ಅಪ್ಪನ ಕಿವಿಗೂ ಬಿತ್ತು. ಒಂದು ಮಾತು ಬೈಲಿಲ್ಲ ಮಹಾನುಭಾವ. ಅಲ್ಲೇನು ಮಾಡಿದೆ ಅಂತ ನಾನೂ ಕೇಳಲಿಲ್ಲ. ಗುಂಡಿ ಹೊಲಿದೆ ಅಂದುಬಿಟ್ರೆ ಏನು ಗತಿ ಅಂತ."

ಎಪ್ಪತ್ತು ವರ್ಷ ನಮ್ಮೆಲ್ಲರ ಕಿವಿಯ ಮೇಲೆ ಹೂವಿಟ್ಟಿದ್ದಳು ಈ ಮಹಾತಾಯಿ! ನನಗೆ ಸಿಟ್ಟು ಬಂತು, ನಿಜ. ಮಕ್ಕಳೆದುರೇ ಒಪ್ಪಿಕೊಂಡಳಲ್ಲ ಅಂತ ನುಂಗಿಕೊಂಡೆ. ಮಗಳಂತೂ ಅಳುಮುಖ ಮಾಡಿ, "ನಾಳೆ ಎಲ್ಲರ ಮುಂದೆ ಏನಂತ ಹೇಳ್ಲಿ? ಗುಂಡಿ ಹೊಲಿದ್ರು ಅಂತಲಾ?" ಅಂದಳು.

ದೊಡ್ಡಮ್ಮನ ಸುಮ್ಮನಿರಲಾರದ ಬೆರಳುಗಳು ಒಂದು ಪಟ್ಟಿಯನ್ನೆತ್ತಿಕೊಂಡು ತಡವತೊಡಗಿದವು. ಬಲ ಅಂಚಿನಲ್ಲಿ ಇಳಿದವು. ಎಡ ಅಂಚಿನಲ್ಲಿ ಅರ್ಧಕ್ಕೇ ನಿಂತವು.

"ಇದೇನಿದು, ತಪ್ಪು ಅಳತೆ? ನಮ್ಮಪ್ಪ ತಪ್ಪೋನಲ್ಲ." ಇನ್ನೊಂದನ್ನು ತೆಗೆದಳು. ಅದು ಪ್ಯಾಂಟಿನದು. ಒಂದು ಕಾಲು ಪಾದದವರೆಗೆ, ಇನ್ನೊಂದು ಮೊಣಕಾಲಿಗಿಂತ ಮೇಲೆ. ಮೂರನೆಯದಕ್ಕೆ ಎರಡೂ ತೋಳಿಲ್ಲ. ಅಯ್ಯೋ ದೇವರೇ ಅಂದವಳೇ ಪೀಠದ ಮೇಲೆ ಕುಸಿದು ಕೂತಳು.

"ಅಲ್ಲಿ ಗಾಯಾಳುಗಳ ಆಸ್ಪತ್ರೆಯಲ್ಲಿದ್ದ ಕಣೇ ಅಪ್ಪ. ಕೈಕಾಲು ಕಳಕೊಂಡೋರಿಗೆ ಹೊಲಿದಿದಾನೆ. ತೋಳು ಜೋತಾಡಬಾರದು, ನಾಲ್ಕು ಜನರೆದುರು ತಲೆಯೆತ್ತಿ ಮನೆಗೆ ಹೋಗಬೇಕು ಅಂತ."

ಆಮೇಲೆ ಅಂಗಡಿಯಲ್ಲಿ ಜಾತ್ರೆಯೋ ಜಾತ್ರೆ. ಮಕ್ಕಳು ಒಂದೊಂದೇ ಪಟ್ಟಿ ಕೊಡುವುದು, ದೊಡ್ಡಮ್ಮ ಕಣ್ಣುಮುಚ್ಚಿ ಬೆರಳಾಡಿಸಿ ಆ ಮನುಷ್ಯನನ್ನು ಎದುರಿಗೆ ನಿಲ್ಲಿಸುವುದು. "ಇವನು ಒಣಕಲ, ಆಸ್ಪತ್ರೆ ಊಟ ಸೇರ್ತಿರಲಿಲ್ಲ. ಇವನಿಗೆ ನೋಡು, ಸೊಂಟ ಎರಡು ಸಲ ಬಿಗಿ ಮಾಡಿದಾನೆ. ಇವನ ಹೊಟ್ಟೆ ಮಾತ್ರ ಯಾವ ಯುದ್ಧಕ್ಕೂ ಜಗ್ಗಿಲ್ಲ!" ಕೋಟು ಒಯ್ಯಲು ಬಂದ ಗಿರಾಕಿಯೂ ಕೋಟು ಮರೆತು ಕೇಳುತ್ತ ನಿಂತ. ಮಗಳು ಹೆಸರುಗಳನ್ನೆಲ್ಲ ಬರೆದುಕೊಂಡಳು, ತೊಂಬತ್ತಾರು ಮಂದಿ. ನಾಳೆ ಇದನ್ನೇ ಹೇಳುತ್ತೇನೆ, ಫಿರಂಗಿ ಗಿರಂಗಿ ಬೇಡ ಅಂದಳು.

ಕಂತೆಯ ತಳದಲ್ಲಿ ಒಂದೂವರೆ ಮೊಳದ ಗಿಡ್ಡ ಪಟ್ಟಿಯೊಂದು ಉಳಿದಿತ್ತು. ದೊಡ್ಡಮ್ಮ ಬೆರಳಾಡಿಸಿದಳು, ಹುಬ್ಬು ಗಂಟಾಯಿತು. "ಮಗುವಿನ ಫ್ರಾಕು ಇದು. ಉದ್ದಕ್ಕೆ ಮೂರು ಕಚ್ಚು, ಒಂದರ ಕೆಳಗೊಂದು. ಆಸ್ಪತ್ರೆಗೆ ಮಗು ಎಲ್ಲಿಂದ ಬಂತು? ಹೆಸರೇನಿದೆ ಓದೇ."

ಮಗಳು ಬೆಳಕಿಗೆ ಹಿಡಿದಳು. "ಹೆಸರಿಲ್ಲ ಅಜ್ಜಿ. 'ಮಗಳು, ಅಂದಾಜು' ಅಂತಿದೆ."

ತಾತ ಹೊರಟಾಗ ದೊಡ್ಡಮ್ಮನಿಗೆ ಒಂದು ವರ್ಷ, ತಿರುಗಿ ಬಂದಾಗ ನಾಲ್ಕು. ವರ್ಷಕ್ಕೊಂದು ಕಚ್ಚು ಹಾಕಿದ್ದ. ದೊಡ್ಡಮ್ಮ ಆ ಪಟ್ಟಿಯನ್ನು ಕೆನ್ನೆಗೊತ್ತಿಕೊಂಡು ಗಳಗಳನೆ ಅತ್ತಳು, ಅಳುತ್ತಲೇ ಬೈದಳು.

"ನಾಲ್ಕು ಬೆರಳು ಜಾಸ್ತಿ ಹಾಕಿದೀಯಲ್ಲೋ ಅಪ್ಪಾ! ನೀನು ತಂದ ಫ್ರಾಕು ನೆಲ ಗುಡಿಸ್ತಿತ್ತು. ಯಾರಿಗೋ ಹೊಲಿದಿದ್ದನ್ನ ನನಗೆ ತಂದೆ ಅಂತ ಎಸೆದುಬಿಟ್ಟೆನಲ್ಲೋ!"

ನನ್ನ ಮಗ ಮೆಲ್ಲಗೆ ಅವಳ ಸೆರಗು ಜಗ್ಗಿದ. "ಅಜ್ಜಿ, ಇದನ್ನೂ ಶಾಲೆಗೆ ಒಯ್ಯಲಾ?"

"ಅಷ್ಟೂ ಒಯ್ಯಿ ಮಗಾ" ಅಂದಳು ದೊಡ್ಡಮ್ಮ, ಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು. "ಇದೊಂದು ನನಗಿರಲಿ."