ನಾಲ್ಕನೇ ಮಷೀನಿನ ಕೆಂಪು

ನಾಗಮ್ಮಕ್ಕ, ನೀವು ಯಾವ ಮಾಟವನ್ನೂ ಮಾಡಿರಲಿಲ್ಲ. ನಾಲ್ಕನೇ ಮಷೀನಿಗೆ ಹತ್ತಿದ ಕೆಂಪು ನಾನು ಹಚ್ಚಿದ್ದು. ಅದು ಗೊತ್ತಾದ ಮೇಲೂ — ಇಷ್ಟು ವರ್ಷ — ನಾನು ಬಾಯಿ ಬಿಡಲಿಲ್ಲ.

ರಾಯದುರ್ಗದ ನಮ್ಮ ಜೀನ್ಸ್ ಹೊಲಿಗೆ ಘಟಕದ ಗೋಡೆಗೆ ಮಾಲೀಕರು ಟಿವಿ ಹಾಕಿಸಿದ್ದು ನಿಮಗೆ ನೆನಪಿರಬೇಕು. ಹಿಂದಿನ ದಿನ ಯಾರು ಎಷ್ಟು ಹೊಲಿದರು ಎಂಬ ಚಾರ್ಟು ಬೆಳಿಗ್ಗೆ ಅದರಲ್ಲಿ ಬರುತ್ತಿತ್ತು; ಮಷೀನಿಗೊಂದು ಕಂಬ. ಕೆಲಸ ಸಾಲದಿದ್ದರೆ ಕೆಂಪು, ಸಾಕಷ್ಟಾಗಿದ್ದರೆ ಹಸಿರು. ದಿನಾ ಕೂತು ಬಣ್ಣ ತುಂಬುವುದು ನನ್ನ ಕೆಲಸ, ನನಗೋ ಸೋಮಾರಿತನ. ಅದಕ್ಕೊಂದು ಮ್ಯಾಕ್ರೋ ಮಾಡಿದೆ — ಅಂದರೆ, ನಾನು ಒಮ್ಮೆ ಮಾಡಿದ್ದನ್ನು ಕಂಪ್ಯೂಟರು ನೋಡಿಟ್ಟುಕೊಂಡು ಆಮೇಲೆ ತಾನೇ ಮಾಡುವುದು. ಹಾಗೆ ಮಾಡಿ ತೋರಿಸಿದ ಹಿಂದಿನ ದಿನ ನಿಮಗೆ ಜ್ವರ. ನಾಲ್ಕನೇ ಮಷೀನಿನ ನಿಮ್ಮ ಕಂಬ ಗಿಡ್ಡವಿತ್ತು, ಕೆಂಪು ಹಚ್ಚಿದೆ. ಎತ್ತರ ಎಷ್ಟೇ ಇರಲಿ, ನಾಲ್ಕನೇ ಕಂಬಕ್ಕೆ ಕೆಂಪು ಹಚ್ಚಬೇಕೆಂದು ಕಂಪ್ಯೂಟರು ಕಲಿತುಬಿಟ್ಟಿತು.

ಜ್ವರ ಬಿಟ್ಟಿತು, ಕೆಂಪು ಬಿಡಲಿಲ್ಲ. ನೀವು ಎಷ್ಟು ಹೊಲಿದರೂ ಕೆಂಪೇ. ಮೇಸ್ತ್ರಿ ಬಣ್ಣ ನೋಡಿ ಬೈಯುತ್ತಿದ್ದರು, ಕಂಬದ ಎತ್ತರ ಯಾರೂ ನೋಡಲಿಲ್ಲ. ನಾನು — ನಾನಾದರೂ ನೋಡಬೇಕಿತ್ತು. ಕೆಲಸದಿಂದ ತೆಗೆದ ದಿನ ನನ್ನ ಮೇಜಿನ ಹತ್ತಿರ ಬಂದು ಕೇಳಿದಿರಿ.

“ತಮ್ಮಾ, ತಲಿ ಎತ್ತದಂಗ ಹೊಲದೀನಿ. ಅದ್ಯಾಕ ಕೆಂಪು ತೋರಸ್ತೈತಿ? ನೀನಾರ ಒಮ್ಮೆ ನೋಡಪ್ಪ.”

“ಕಂಪ್ಯೂಟರ್ ತಪ್ಪು ತೋರ್ಸಂಗಿಲ್ಲಕ್ಕ” ಅಂದುಬಿಟ್ಟೆ.

ನಿಮ್ಮ ಜಾಗಕ್ಕೆ ಶಿವಲೀಲಾ ಬಂದಳು, ಎಲ್ಲರಿಗಿಂತ ಚುರುಕು ಕೈಯವಳು. ಮರುದಿನ ಅವಳ ಕಂಬವೂ ಕೆಂಪು. ಅದರ ಮರುದಿನವೂ. ಟಿವಿ ಮುಂದೆ ಎಲ್ಲರೂ ಗುಂಪುಗೂಡಿದರು. “ಹೋಗೋ ಮುಂದ ನಾಗಮ್ಮ ಏನೋ ಮಾಡಿಟ್ಟು ಹೋಗ್ಯಾಳ್ರಿ” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಶಿವಲೀಲಾ ಅಳುತ್ತಾ ಎದ್ದಳು. ಶುಕ್ರವಾರದ ಪೂಜೆಯಲ್ಲಿ ಮಷೀನಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ ಮೇಲೆಯೇ ಮತ್ತೆ ಕೂತಳು.

ನನಗೂ ಮೈ ಜುಮ್ಮೆಂದಿತ್ತು. ಆ ಶುಕ್ರವಾರ ಮಧ್ಯಾಹ್ನವೇ ಮ್ಯಾಕ್ರೋ ತೆರೆದು ನೋಡಿದೆ. ತಪ್ಪು ಕಣ್ಣಿಗೆ ಹೊಡೆಯುವಂತಿತ್ತು. ಹಳೆಯದರ ಒಂದು ಪ್ರತಿ ಇಟ್ಟುಕೊಂಡು, ಯಾರಿಗೂ ಹೇಳದೆ ತಿದ್ದಿದೆ. ಮರುದಿನ ಬೆಳಿಗ್ಗೆ ನಾಲ್ಕನೇ ಕಂಬ ಹಸಿರು.

“ನಿಂಬೆಹಣ್ಣು ಕಟ್ಟಿದ್ದಕ್ಕ ಬಿಡ್ತು ನೋಡ್ರಿ” ಅಂದರು ಮೇಸ್ತ್ರಿ. “ಹೌದ್ರಿ” ಅಂದೆ ನಾನು. ಆ ಒಂದು ಮಾತಿಗೆ ನೀವು ಮಾಟಗಾತಿಯಾದಿರಿ. ಆಮೇಲೆ ಯಾವ ಘಟಕದವರೂ ನಿಮ್ಮನ್ನು ಒಳಗೆ ಸೇರಿಸಲಿಲ್ಲವಂತೆ.

ಹೋದ ವಾರ ಗುಮ್ಮಘಟ್ಟದ ಆಟೋದಲ್ಲಿ ನಿಮ್ಮನ್ನು ನೋಡಿದೆ. ಹಿಂದಿನ ಸೀಟಿನಲ್ಲಿ ನೀವೊಬ್ಬರೇ. ಜನ ಅಂಚಿಗೆ ಜೋತುಬಿದ್ದಿದ್ದರೇ ಹೊರತು ನಿಮ್ಮ ಪಕ್ಕ ಒಬ್ಬರೂ ಕೂತಿರಲಿಲ್ಲ. ನಾನೂ ಕೂರಲಿಲ್ಲ, ಡ್ರೈವರ್ ಪಕ್ಕ ಮುದುಡಿ ಕೂತೆ. ಕನ್ನಡಿಯಲ್ಲಿ ನನ್ನನ್ನು ಗುರುತು ಹಿಡಿದು, “ಆರಾಮದಿಯೇನು ತಮ್ಮಾ?” ಅಂದಿರಿ. ನಾಚಿಕೆಯಿಂದ ಕನ್ನಡಿಯ ಕಡೆಯಿಂದ ಮುಖ ತಿರುಗಿಸಿಕೊಂಡೆ, ಅಕ್ಕ.

ನಾಳೆ ಶುಕ್ರವಾರ. ಪೂಜೆಗೆ ಎಲ್ಲರೂ ಸೇರಿದಾಗ ಹಳೆಯ ಮ್ಯಾಕ್ರೋವನ್ನು ಟಿವಿಯಲ್ಲಿ ಓಡಿಸುತ್ತೇನೆ. ಯಾರು ಕೂತರೂ ನಾಲ್ಕನೆಯದು ಕೆಂಪಾಗುವುದನ್ನು ತೋರಿಸುತ್ತೇನೆ. ಆಮೇಲೆ, ಇಂದಿಗೂ ವಾರವಾರ ಹೊಸದಾಗಿ ಕಟ್ಟುತ್ತಿರುವ ಆ ನಿಂಬೆಹಣ್ಣನ್ನು ಅವರೆದುರೇ ಬಿಚ್ಚುತ್ತೇನೆ. ಇವತ್ತೇ ಬಿಚ್ಚೋಣವೆಂದು ಊಟದ ಹೊತ್ತಿನಲ್ಲಿ ಒಬ್ಬನೇ ಹೋಗಿದ್ದೆ. ಅಲ್ಲಿ ಏನೂ ಇಲ್ಲವೆಂದು ಬಲ್ಲವನು ನಾನೊಬ್ಬನೇ. ಆದರೂ ಅದನ್ನು ಮುಟ್ಟಲು — ನನಗೆ ಧೈರ್ಯ ಬರಲಿಲ್ಲ.